ಆಧಾರ್ ಇಲ್ಲದ ಒಂದು ಹೆಸರು

ಬೀಟ್ ಪೊಲೀಸ್ ನಮ್ಮ ಮನೆಗೆ ಬಂದಿದ್ದು 2023ರ ನವೆಂಬರ್‌ನಲ್ಲಿ. ಅಡಿಕೆ ಸುಲಿಯುವ ಕೆಲಸ ಜೋರಾಗಿ ನಡೀತಿದ್ದ ಹೊತ್ತು. ಅಂಗಳದ ತುಂಬ ಅಡಿಕೆ ಕೊನೆ (ಗೊನೆ) ರಾಶಿ, ಒಲೆ ಮೇಲೆ ಹಂಡೆ ಕುದಿಯುತ್ತಿತ್ತು. ಅವರು ಬೈಕ್ ನಿಲ್ಲಿಸಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಬ್ಯಾಗಿನಿಂದ ಒಂದು ಫಾರಂ ತೆಗೆದರು.

"ಹೊರರಾಜ್ಯದವರು ಎಷ್ಟು ಜನ ಇದ್ದಾರೆ? ಎಲ್ಲರ ಆಧಾರ್, ವೋಟರ್ ಐಡಿ ಜೆರಾಕ್ಸ್, ಎರಡೆರಡು ಫೋಟೊ. ಒಂದು ವಾರದೊಳಗೆ ಠಾಣೆಗೆ ತಂದುಕೊಡಿ."

ಎಂಟು ಜನ ಇದ್ದರು. ಎಲ್ಲರೂ ಅಸ್ಸಾಂನ ಬಾರ್ಪೇಟಾ ಜಿಲ್ಲೆಯವರು. ಮೂರು ದಿನ ರೈಲಿನಲ್ಲಿ ಕೂತು ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ನಮ್ಮ ಮಲೆನಾಡಿಗೆ ಬಂದವರು. ತೀರ್ಥಹಳ್ಳಿ, ಕೊಪ್ಪ, ಹೊಸನಗರ ಎಲ್ಲಿ ನೋಡಿದರೂ ಈಗ ಇದೇ ಕಥೆ. ಊರಿನ ಹುಡುಗರು ಬೆಂಗಳೂರಲ್ಲಿದ್ದಾರೆ. ನನ್ನ ಮಗನೂ ಅಲ್ಲೇ. ಅಡಿಕೆ ಮಾತ್ರ ಕಾಯಲ್ಲ. ಹಣ್ಣಾಗುವ ಮುಂಚೆ ಕೊನೆ ಇಳಿಸಬೇಕು, ಇಳಿಸಿದ್ದನ್ನು ಸುಲಿಯಬೇಕು, ಸುಲಿದದ್ದನ್ನು ಅವತ್ತೇ ಬೇಯಿಸಬೇಕು. ಇವರು ಬರದಿದ್ದರೆ ಆ ವರ್ಷದ ಅರ್ಧ ಫಸಲು ಮರದಲ್ಲೇ ಹಣ್ಣಾಗಿ ಗೋಟಾಗುತ್ತಿತ್ತು.

ಫಾರಂ ತುಂಬೋದು ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ರಾತ್ರಿ ಊಟ ಆದಮೇಲೆ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಕಾರ್ಡು ಕೇಳಿದೆ. ಏಳು ಆಧಾರ್ ಬಂತು. ಎಂಟನೆಯದು ಬರಲಿಲ್ಲ.

ಆ ಎಂಟನೆಯವಳು ಅವರಲ್ಲೆಲ್ಲ ಚುರುಕು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಕೈ ಕಾಣುತ್ತಿರಲಿಲ್ಲ, ಡಬ್ಬ ಲೆಕ್ಕದಲ್ಲಿ ದಿನಾ ಅವಳದ್ದೇ ಮುಂದೆ. ಮೂವತ್ತೈದರ ಆಸುಪಾಸಿನ ವಯಸ್ಸು, ಗಂಡನೂ ಇಲ್ಲೇ ಕೆಲಸಕ್ಕಿದ್ದ, ಮಕ್ಕಳು ಊರಲ್ಲಿ ಅಜ್ಜಿ ಹತ್ತಿರ. ಆಧಾರ್ ಯಾಕಿಲ್ಲ ಅಂತ ಕೇಳಿದೆ. ಅವಳು ಗಂಡನ ಮುಖ ನೋಡಿದಳು. ಅವನು ಹಿಂದಿಯಲ್ಲಿ ಒಂದೇ ಮಾತು ಹೇಳಿದ: "ಬೆರಳು ಲಾಕ್ ಆಗಿದೆ ಮಾಲೀಕ್."

ನನಗೆ ಅರ್ಥ ಆಗಲಿಲ್ಲ. ಸುಳ್ಳು ಹೇಳ್ತಿದ್ದಾನೆ ಅಂತಲೇ ಮೊದಲು ಅನ್ನಿಸಿತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಆ ವಾರವೇ ಒಂದು ಮೆಸೇಜ್ ಓಡಾಡಿತ್ತು. ಅಸ್ಸಾಂನವರು ಅಂತ ಹೇಳಿಕೊಂಡು ತೋಟಗಳಿಗೆ ಬರುವವರೆಲ್ಲ ಬಾಂಗ್ಲಾದವರು, ಇಟ್ಟುಕೊಂಡವರ ಮೇಲೆ ಕೇಸು ಆಗುತ್ತೆ ಅಂತ. ನನಗೂ ಹೆದರಿಕೆ ಆಗಿತ್ತು, ಅದನ್ನು ಮುಚ್ಚಿಡಲ್ಲ. ಅವಳನ್ನು ಬೆಳಿಗ್ಗೆಯೇ ಲೆಕ್ಕ ಕೊಟ್ಟು ಕಳಿಸಿಬಿಡೋಣ ಅಂತ ಯೋಚಿಸಿದ್ದೆ.

ಅಷ್ಟರಲ್ಲಿ ಅವಳು ಎದ್ದು ಹೋಗಿ ಒಂದು ಬಟ್ಟೆ ಅಂಗಡಿ ಕವರ್ ತಂದಳು. ಅದರೊಳಗೆ ಇನ್ನೊಂದು ಕವರ್, ಅದರೊಳಗೆ ಮತ್ತೊಂದು. ಮಳೆ ನೀರು ತಾಗಬಾರದು ಅಂತ ಮೂರು ಸುತ್ತು. ಒಳಗೆ ಲ್ಯಾಮಿನೇಷನ್ ಮಾಡಿಸಿದ ಕಾಗದಗಳು. ಒಂದರ ಮೂಲೆಯಲ್ಲಿ ಕೆಸರಿನ ಕಲೆ ಹಾಗೇ ಲ್ಯಾಮಿನೇಷನ್ ಒಳಗೆ ಸಿಕ್ಕಿಕೊಂಡಿತ್ತು. ಅವಳು ಒಂದೊಂದನ್ನೇ ಜಗಲಿ ಮೇಲೆ ಜೋಡಿಸಿದಳು. ಅಡಿಕೆಯ ಚೊಗರು ಹಿಡಿದು ಕಪ್ಪಾಗಿದ್ದ ಬೆರಳು ಕಾಗದಕ್ಕೆ ತಾಗದ ಹಾಗೆ ಅಂಗೈ ಬದಿಯಿಂದ ಸರಿಸುತ್ತಿದ್ದಳು.

ಅಸ್ಸಾಮಿ ಅಕ್ಷರ ನನಗೆ ಬರಲ್ಲ. ಅವಳ ಗಂಡ ಓದಿ ಹಿಂದಿಯಲ್ಲಿ ಹೇಳಿದ, ನಾನು ಕನ್ನಡದಲ್ಲಿ ಬರೆದುಕೊಂಡೆ. ರಾತ್ರಿ ಹನ್ನೊಂದೂವರೆ ಆಯಿತು.

ಒಂದು ಕಾಗದ 1966ರ ಮತದಾರರ ಪಟ್ಟಿಯ ನಕಲು. ಅದರಲ್ಲಿ ಅವಳ ಅಜ್ಜನ ಹೆಸರು. ಅದರ ಜೊತೆ ಹನ್ನೊಂದು ಅಂಕಿಯ ಒಂದು ನಂಬರ್. ಅಸ್ಸಾಂನಲ್ಲಿ ಗಡಿ ದಿನ ಅಂದರೆ 1971ರ ಮಾರ್ಚ್ 24ರ ಮಧ್ಯರಾತ್ರಿ. ಅದಕ್ಕಿಂತ ಮುಂಚೆ ತಾನೋ ತನ್ನ ಹಿರಿಯರೋ ಇಲ್ಲಿದ್ದರು ಅಂತ ತೋರಿಸಬೇಕು. 1979ರಿಂದ ಆರು ವರ್ಷ ಅಲ್ಲಿ ವಲಸೆ ವಿರುದ್ಧ ಚಳವಳಿ ನಡೆದು, 1985ರ ಆಗಸ್ಟ್ 15ಕ್ಕೆ ಅಸ್ಸಾಂ ಒಪ್ಪಂದ ಆಯ್ತಲ್ಲ, ಆ ದಿನಾಂಕ ಬಂದಿದ್ದು ಅಲ್ಲಿಂದ. ರಾಷ್ಟ್ರೀಯ ಪೌರತ್ವ ನೋಂದಣಿ, ಎಲ್ಲರ ಬಾಯಲ್ಲೂ ಎನ್‌ಆರ್‌ಸಿ, ಅಂದರೆ ಪ್ರಜೆಗಳ ಹೆಸರಿನ ಪಟ್ಟಿ, ಅದನ್ನು ಹೊಸದಾಗಿ ಮಾಡುವಾಗ 1951ರ ನೋಂದಣಿ ಮತ್ತು 1971ರವರೆಗಿನ ಮತದಾರರ ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಒಂದು ನಂಬರ್ ಕೊಟ್ಟರು. ಆ ನಂಬರ್ ಹಿಡಿದು, ಅವರ ಮಗ ನಾನು, ಮೊಮ್ಮಗಳು ನಾನು ಅಂತ ಸಾಬೀತು ಮಾಡಬೇಕು.

ನಮ್ಮಲ್ಲಿ ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿದವರಿಗೆ ಇದು ಚೆನ್ನಾಗಿ ಗೊತ್ತಾಗುತ್ತೆ. ನನ್ನ ಅಪ್ಪ ತೀರಿಕೊಂಡಾಗ ಮೂರು ತಿಂಗಳು ನಾಡಕಚೇರಿ ಮೆಟ್ಟಿಲು ಹತ್ತಿ ಇಳಿದಿದ್ದೆ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆಗಿದ್ದಕ್ಕೆ ಅಫಿಡವಿಟ್ ಕೇಳಿದ್ದರು. ಅದು ಬರೀ ಎರಡು ಎಕರೆ ತೋಟಕ್ಕೆ. ಇಲ್ಲಿ ಪಣಕ್ಕಿಟ್ಟಿದ್ದು ದೇಶವನ್ನೇ.

ಅವಳ ತೊಂದರೆ ಶುರುವಾಗಿದ್ದು ಮದುವೆಯಿಂದ. ಶಾಲೆಗೆ ಹೋದವಳಲ್ಲ. ಹುಟ್ಟಿದ ದಾಖಲೆ ಇಲ್ಲ. ಹದಿನೇಳಕ್ಕೆ ಮದುವೆಯಾಗಿ ಬೇರೆ ಊರಿಗೆ ಬಂದಳು. ವೋಟರ್ ಪಟ್ಟಿಯಲ್ಲಿ ಹೆಸರು ಬಂದಿದ್ದು ಗಂಡನ ಊರಲ್ಲಿ, ಗಂಡನ ಹೆಸರಿನ ಜೊತೆ. ಹಾಗಾದರೆ ಅಪ್ಪನ ಮಗಳು ಅನ್ನೋದಕ್ಕೆ ಸಾಕ್ಷಿ ಏನು? ಪಂಚಾಯ್ತಿ ಕಾರ್ಯದರ್ಶಿ ಕೊಟ್ಟ ಒಂದು ಚೀಟಿ. ಇಂಥವರ ಮಗಳು ಇಂಥ ಊರಿಗೆ ಮದುವೆಯಾಗಿ ಹೋಗಿದ್ದಾಳೆ ಅಂತ. ಅಂಥ ಚೀಟಿ ನಡೆಯಲ್ಲ ಅಂತ ಗುವಾಹಟಿ ಹೈಕೋರ್ಟ್ 2017ರ ಫೆಬ್ರವರಿಯಲ್ಲಿ ಹೇಳಿತು. ಸರಿಯಾಗಿ ಪರಿಶೀಲಿಸಿ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಹೇಳಿತು. ಅವಳ ಹೆಸರೂ ಒಂದೇ ಥರ ಇರಲಿಲ್ಲ. ಮದುವೆಗೆ ಮುಂಚಿನ ಚೀಟಿಯಲ್ಲಿ ಹೆಸರಿನ ಕೊನೆಗೆ ಖಾತುನ್. ವೋಟರ್ ಪಟ್ಟಿಯಲ್ಲಿ ನೇಸಾ. ಅವರ ಕಡೆ ಮದುವೆಯಾದ ಹೆಣ್ಣಿಗೆ ಹಾಗೆ ಬದಲಾಗುತ್ತೆ. ನಮ್ಮಲ್ಲಿ ಮದುವೆಯಾದಾಗ ಹೆಣ್ಣಿನ ಹೆಸರೇ ಬದಲಾಯಿಸುತ್ತಿರಲಿಲ್ವಾ, ಹಾಗೆ.

2018ರ ಜುಲೈ 30ಕ್ಕೆ ಎನ್‌ಆರ್‌ಸಿಯ ಕರಡು ಪಟ್ಟಿ ಬಂತು. 40 ಲಕ್ಷಕ್ಕೂ ಜಾಸ್ತಿ ಜನರ ಹೆಸರು ಅದರಲ್ಲಿರಲಿಲ್ಲ. ಗಂಡ ಇದ್ದ, ಮಕ್ಕಳಿದ್ದರು, ಇವಳಿರಲಿಲ್ಲ. ಮತ್ತೆ ಅರ್ಜಿ ಹಾಕಿದಳು. ವಿಚಾರಣೆಗೆ ಕರೆದರು. ಬೆಳಿಗ್ಗೆ ನಾಲ್ಕಕ್ಕೆ ದೋಣಿ ಹತ್ತಿ, ಆಮೇಲೆ ಬಸ್ಸು, ಅಪ್ಪನನ್ನೂ ಅಣ್ಣನನ್ನೂ ಸಾಕ್ಷಿಗೆ ಕರಕೊಂಡು ಹೋದಳಂತೆ. ಅಲ್ಲಿ ಹತ್ತೂ ಬೆರಳಿನ ಗುರುತು, ಕಣ್ಣಿನ ಗುರುತು ತಗೊಂಡರು. 2019ರ ಆಗಸ್ಟ್ 31ಕ್ಕೆ ಕೊನೆಯ ಪಟ್ಟಿ ಬಂತು. 3.3 ಕೋಟಿ ಅರ್ಜಿದಾರರಲ್ಲಿ 19,06,657 ಜನ ಹೊರಗೆ. ಇವಳು ಒಳಗೆ. ಸೇವಾ ಕೇಂದ್ರದಲ್ಲಿ ತೆಗೆಸಿದ ಆ ಪ್ರಿಂಟ್ ನನ್ನ ಮುಂದೆ ಜಗಲಿ ಮೇಲಿತ್ತು. ಅವಳ ಹೆಸರಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

ಆದರೆ ವಿಚಾರಣೆಯಲ್ಲಿ ಕೊಟ್ಟ ಆ ಬೆರಳಚ್ಚು ಅಲ್ಲೇ ಉಳಿದುಬಿಟ್ಟಿತು. ಹೊರಗುಳಿದವರಿಗೆ ಆಧಾರ್ ಸಿಗಬಾರದು ಅಂತ ಎಲ್ಲರದ್ದನ್ನೂ ತಡೆದಿಟ್ಟಿದ್ದರು. ಸುಮಾರು 27 ಲಕ್ಷ ಜನರದ್ದು. ಪಟ್ಟಿಗೆ ಸೇರಿದವರದ್ದೂ ಬಿಡುಗಡೆ ಆಗಲಿಲ್ಲ. ಆಧಾರ್ ಕೇಂದ್ರಕ್ಕೆ ಎಷ್ಟು ಸಲ ಹೋಗಿ ಬೆರಳು ಇಟ್ಟರೂ ಅರ್ಜಿ ವಾಪಸ್. ಬೆರಳು ಲಾಕ್ ಆಗಿದೆ ಅಂತ ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮಾರನೆ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅವಳ ತವರಿನ ಊರು ಯಾವುದು?"

ಊರು ಈಗ ಇಲ್ಲ ಅಂದೆ. ಅದು ನದಿ ನಡುವಿನ ಮರಳ ದಿಬ್ಬದ ಮೇಲಿನ ಊರು. ಅವರು ಅದನ್ನು ಚರ್ ಅಂತಾರೆ. ಬ್ರಹ್ಮಪುತ್ರ ಪ್ರತಿ ಮಳೆಗಾಲಕ್ಕೆ ದಡ ಕೊರೆಯುತ್ತೆ. ಅವಳು ಮದುವೆಯಾಗಿ ಬಂದ ನಾಲ್ಕನೇ ವರ್ಷ ಅವಳ ತವರುಮನೆ ಇದ್ದ ಜಾಗ ಪೂರ್ತಿ ನೀರಿಗೆ ಹೋಯಿತು. ಅಪ್ಪ ಅಮ್ಮ ಬೇರೆ ಕಡೆ ಗುಡಿಸಲು ಹಾಕಿಕೊಂಡರು.

ಅಮ್ಮ ಲೋಟ ಕೆಳಗಿಟ್ಟಳು. "ಊರೇ ನೀರಿಗೆ ಹೋದಮೇಲೆ ಕಾಗದ ಎಲ್ಲಿಂದ ತರ್ತಾಳೆ ಮಾರಾಯ? ನಂದು ಎಲ್ಲಿದೆ ತೋರ್ಸು ನೋಡನ?"

ಅಮ್ಮ ಮುಳುಗಡೆಯವಳು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರಲ್ಲ, 1964ರಲ್ಲಿ, ಆಗ ಹೊಸನಗರ, ಸಾಗರದ ಕಡೆ ಎಷ್ಟೋ ಊರು ನೀರಿನಡಿ ಹೋದವು. ಅಮ್ಮನಿಗೆ ಆಗ ಎಂಟೋ ಒಂಬತ್ತೋ. ಲಾರಿಯಲ್ಲಿ ಹೆಂಚು, ಬಾಗಿಲ ಚೌಕಟ್ಟು, ಒನಕೆ ಹೇರಿಕೊಂಡು, ದನ ಎರಡನ್ನು ಹಿಂದಿನಿಂದ ಹೊಡೆದುಕೊಂಡು ಬಂದ ಕಥೆ ನಾವು ನೂರು ಸಲ ಕೇಳಿದ್ದೇವೆ. ಅವಳು ಒಂದನೇ ಕ್ಲಾಸು ಓದಿದ ಶಾಲೆ ಮುಳುಗಿದೆ, ಹಾಜರಿ ಪುಸ್ತಕ ಯಾರ ಹತ್ತಿರ ಹೋಯಿತೋ ಗೊತ್ತಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಬಂದು ಕಾಣುತ್ತೆ, ನೋಡಕ್ಕೆ ಜನ ಹೋಗುತ್ತಾರೆ. ಅಮ್ಮ ಒಂದು ಸಲವೂ ಬಂದಿಲ್ಲ. ಕಾಡಿನ ಅಂಚಿಗೆ ಎತ್ತಿ ಹಾಕಿದ ಮುಳುಗಡೆಯವರು ಎಷ್ಟೋ ಜನ ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಅರವತ್ತು ವರ್ಷ ಆಯಿತು.

ಅವಳನ್ನು ಕಳಿಸಿಬಿಡುವ ಯೋಚನೆ ಅವತ್ತು ಬಿಟ್ಟೆ.

ಆಮೇಲೆ ಶುರುವಾಯಿತು ನನ್ನ ಓಡಾಟ. ಮೊದಲು ಠಾಣೆ. ಸಬ್ ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. ಆದರೆ ಅವರ ರಿಜಿಸ್ಟರಿನಲ್ಲಿ ಆಧಾರ್ ನಂಬರಿಗೆ ಒಂದು ಕಾಲಂ ಇತ್ತು. ಅದನ್ನು ಖಾಲಿ ಬಿಡುವ ಹಾಗಿಲ್ಲ. "ಏಳು ಜನರದ್ದು ಮುಗೀತು. ಇವರದ್ದು ಮಾತ್ರ ಹೆಂಗೆ ಬರೆಯಲಿ ಹೇಳಿ? ನಾಳೆ ಮೇಲಿನವರು ಕೇಳಿದರೆ ನಾನೇನು ಹೇಳಲಿ?" ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಅಲ್ಲಿಂದ ಶಿವಮೊಗ್ಗದಲ್ಲಿ ವಕೀಲಿ ಮಾಡುವ ನನ್ನ ಸ್ನೇಹಿತನ ಹತ್ತಿರ ಹೋದೆ. ಅವನು ಕಾಗದ ನೋಡುವ ಮೊದಲೇ ಹೇಳಿದ ಮಾತು ನನ್ನನ್ನು ಬೆಚ್ಚಿಬೀಳಿಸಿತು. ಆಧಾರ್ ಪೌರತ್ವದ ಸಾಕ್ಷಿಯೇ ಅಲ್ಲ. 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಹಾಗಂತ ಬರೆದಿದೆ. ಅಂದರೆ ಆಧಾರ್ ಇದ್ದ ಏಳು ಜನ ಭಾರತೀಯರು ಅಂತ ನಾವು ಸುಮ್ನೆ ಒಪ್ಪಿಕೊಂಡಿದ್ದೆವು. ನೋಂದಣಿಯಲ್ಲಿ ಹೆಸರು ಬರುವವರೆಗೂ ಜರಡಿ ಹಿಡಿಸಿಕೊಂಡ ಒಬ್ಬಳನ್ನು ಮಾತ್ರ ಅನುಮಾನಿಸುತ್ತಿದ್ದೆವು.

ಅವನು ಪೌರತ್ವ ಕಾಯ್ದೆಯನ್ನೂ ಬಿಡಿಸಿ ಹೇಳಿದ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು, ಅಪ್ಪ ಅಮ್ಮ ಯಾರೇ ಆಗಿರಲಿ. ಆಮೇಲೆ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಪ್ರಜೆ ಆಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲ ಅಂದರೆ ಒಬ್ಬರು ಪ್ರಜೆ ಆಗಿದ್ದು, ಇನ್ನೊಬ್ಬರು ಅಕ್ರಮ ವಲಸಿಗ ಆಗಿರಬಾರದು. ಅಸ್ಸಾಂಗೆ ಇದರ ಜೊತೆ 6ಎ ಅಂತ ಬೇರೆಯೇ ಸೆಕ್ಷನ್ ಇದೆ, 1971ರ ಆ ಗಡಿ ದಿನ ಇರೋದು ಅದರಲ್ಲೇ. ನನ್ನ ಅಮ್ಮನಿಗೂ ನನಗೂ ಒಂದು ನಿಯಮ, ನನ್ನ ಮಗನಿಗೆ ಇನ್ನೊಂದು. ಒಂದೇ ಮನೆಯಲ್ಲಿ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದರೂ ನನಗೆ ಇದು ಗೊತ್ತಿರಲಿಲ್ಲ. ಮಗ ಹುಟ್ಟಿದ್ದು 2005ರಲ್ಲಿ.

ಇನ್ನೊಂದು ಮಾತು ಹೇಳಿದ. ಯಾರ ಮೇಲಾದರೂ ಕೊಲೆ ಆರೋಪ ಬಂದರೂ ಅದನ್ನು ಸಾಬೀತು ಮಾಡಬೇಕಾದ್ದು ಸರ್ಕಾರ. ವಿದೇಶಿ ಅನ್ನೋ ಅನುಮಾನ ಬಂದರೆ ಮಾತ್ರ ಉಲ್ಟಾ, ನಾನು ವಿದೇಶಿ ಅಲ್ಲ ಅಂತ ಅವರೇ ತೋರಿಸಬೇಕು. 1946ರ ವಿದೇಶಿಯರ ಕಾಯ್ದೆಯಲ್ಲಿ ಹಾಗಿತ್ತು. ಈಗ ಅದರ ಬದಲು 2025ರ ಹೊಸ ಕಾಯ್ದೆ ಬಂದಿದೆ, ಅದರಲ್ಲೂ ಹಾಗೇ ಇದೆ.

ಪರಿಶೀಲನೆ ಬೇಡ ಅಂತ ನಾನು ಹೇಳಲ್ಲ. ಗಡಿ ಅಂದಮೇಲೆ ಯಾರು ಒಳಗೆ ಬರ್ತಾರೆ ಅಂತ ಸರ್ಕಾರ ನೋಡಲೇಬೇಕು. ಕಳ್ಳದಾರಿಯಲ್ಲಿ ಬಂದು ಸುಳ್ಳು ಕಾರ್ಡು ಮಾಡಿಸಿಕೊಂಡವರು ಸಿಕ್ಕಿಬಿದ್ದ ಸುದ್ದಿ ನಾನೂ ಓದಿದ್ದೇನೆ. ಅಸ್ಸಾಂನವರ ಸಿಟ್ಟಿಗೂ ಕಾರಣ ಇತ್ತು. ತಮ್ಮ ಭಾಷೆ, ತಮ್ಮ ನೆಲ ಕೈತಪ್ಪಿ ಹೋಗುತ್ತೆ ಅನ್ನೋ ಭಯ ಕನ್ನಡದವರಿಗೆ ಅರ್ಥವಾಗದ್ದೇನಲ್ಲ. ಆದರೆ ಒಬ್ಬ ಮನುಷ್ಯ ಸರ್ಕಾರ ಕೇಳಿದ್ದೆಲ್ಲ ಕೊಟ್ಟು, ಸಾಲು ನಿಂತು, ಪಾಸಾದ ಮೇಲೂ ಅವನ ಕೈಗೆ ಏನೂ ಸಿಗದಿದ್ದರೆ ಅದು ಯಾವ ನ್ಯಾಯ? ಆ ಕೊನೆಯ ಪಟ್ಟಿಯನ್ನು ಭಾರತದ ರಿಜಿಸ್ಟ್ರಾರ್ ಜನರಲ್ ಅಧಿಸೂಚನೆ ಹೊರಡಿಸಿ ಒಪ್ಪಿಕೊಂಡೇ ಇಲ್ಲ. ಒಳಗಿದ್ದವರಿಗೆ ಗುರುತಿನ ಚೀಟಿ ಬಂದಿಲ್ಲ. ಹೊರಗಿದ್ದ 19 ಲಕ್ಷ ಜನಕ್ಕೆ ಯಾಕೆ ಹೊರಗಿಟ್ಟೆವು ಅನ್ನೋ ಕಾಗದವೂ ಬಂದಿಲ್ಲ. ಅದು ಬರದೆ ಅವರು ಮೇಲ್ಮನವಿ ಹಾಕಲು ವಿದೇಶಿಯರ ನ್ಯಾಯಮಂಡಳಿಗೆ ಹೋಗುವ ಹಾಗೂ ಇಲ್ಲ. ಇದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು.

ಸ್ನೇಹಿತ ಒಂದು ದಾರಿ ಹೇಳಿದ. ಆಧಾರ್ ಬಿಟ್ಟು ಬೇರೆ ಎಲ್ಲ ಕಾಗದ ಕೊಟ್ಟು, ಆಧಾರ್ ಯಾಕಿಲ್ಲ ಅಂತ ಒಂದು ಹೇಳಿಕೆ ಬರೆದು, ಅವಳ ಊರಿನ ಪೊಲೀಸರಿಂದಲೇ ಮಾಹಿತಿ ತರಿಸಿಕೊಳ್ಳಿ ಅಂತ ಕೇಳಿಕೊಳ್ಳೋದು. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಅವಳು ಹೆಬ್ಬೆಟ್ಟು ಒತ್ತಬೇಕಾದಾಗ ಬೆರಳು ನೋಡಿ ನೋಟರಿ, ಮೊದಲು ಚೆನ್ನಾಗಿ ತೊಳೆದುಕೊಂಡು ಬಾರಮ್ಮ ಅಂದರು. ಅಡಿಕೆ ಕಲೆ ತೊಳೆದರೆ ಹೋಗುತ್ತಾ? ಸುಲಿದು ಸುಲಿದು ಬೆರಳಿನ ಗೆರೆಯೇ ಸವೆದಿರುತ್ತೆ. ನ್ಯಾಯಬೆಲೆ ಅಂಗಡಿಯಲ್ಲಿ ಅಮ್ಮನ ಬೆರಳೂ ಮೆಷಿನ್ನಿಗೆ ಬೀಳಲ್ಲ, ಪ್ರತಿ ತಿಂಗಳೂ ನನ್ನ ಮೊಬೈಲಿಗೆ ಒಟಿಪಿ ತರಿಸಿಯೇ ಅಕ್ಕಿ ತರೋದು.

ಎಲ್ಲ ಕಾಗದ ಎರಡು ಪ್ರತಿ ಮಾಡಿ ಠಾಣೆಗೆ ಕೊಟ್ಟೆ. ಅಸ್ಸಾಮಿ ಕಾಗದದ ಸಾರಾಂಶ ಕನ್ನಡದಲ್ಲಿ ನಾನೇ ಬರೆದು ಲಗತ್ತಿಸಿದೆ. ಅವಳ ಊರಿನ ಠಾಣೆಗೆ ಪತ್ರ ಹೋಯಿತು. ಉತ್ತರ ಬರಲಿಲ್ಲ. ಡಿಸೆಂಬರ್ ಪೂರ್ತಿ ಬರಲಿಲ್ಲ. ಈ ನಡುವೆ ಎರಡು ಸಲ ಅವರನ್ನೆಲ್ಲ ಠಾಣೆಗೆ ಕರೆದುಕೊಂಡು ಹೋಗಬೇಕಾಯಿತು. ಜೀಪಿನ ಹಿಂದೆ ಎಂಟು ಜನ ಕೂತಿದ್ದರು. ಪೇಟೆಯಲ್ಲಿ ಜನ ನಿಂತು ನೋಡಿದರು. ಯಾರೋ ಮೊಬೈಲ್ ಎತ್ತಿ ಫೋಟೊ ತೆಗೆದರು. ಅವಳು ಸೆರಗು ಮುಖಕ್ಕೆ ಎಳೆದುಕೊಂಡಳು. ಸಂಜೆಯೊಳಗೆ ಆ ಫೋಟೊ ಊರಿನ ಗುಂಪಿಗೆ ಬಂತು, "ಬಾಂಗ್ಲಾದವರನ್ನು ಹಿಡಿದರು" ಅನ್ನೋ ಸಾಲಿನ ಜೊತೆ.

ಆವತ್ತು ರಾತ್ರಿ ನಾನು ಅದೇ ಗುಂಪಿಗೆ ಉದ್ದಕ್ಕೆ ಬರೆದೆ. ಇವರು ನನ್ನ ತೋಟದ ಕೆಲಸದವರು, ಕಾಗದ ಪರಿಶೀಲನೆಗೆ ನಾನೇ ಕರೆದುಕೊಂಡು ಹೋಗಿದ್ದು, ಯಾರನ್ನೂ ಹಿಡಿದಿಲ್ಲ ಅಂತ. ಇಬ್ಬರು ಮಾತ್ರ ಉತ್ತರ ಕೊಟ್ಟರು. ಫೋಟೊ ಹಾಕಿದವನು ಮೂರು ದಿನ ಬಿಟ್ಟು ಅಳಿಸಿದ. ಅಷ್ಟರಲ್ಲಿ ಅದು ಎಷ್ಟು ಕಡೆ ಹೋಗಿತ್ತೋ.

ಜನವರಿ ಕೊನೆ ವಾರ ಠಾಣೆಯಿಂದ ಫೋನ್ ಬಂತು. ಅಸ್ಸಾಂನಿಂದ ಉತ್ತರ ಬಂದಿದೆ, ಅಲ್ಲಿಯ ನಿವಾಸಿಗಳೇ, ಎಂಟೂ ಜನರದ್ದು ಸರಿ ಇದೆ ಅಂತ. ನಾನು ಕಣದಲ್ಲಿದ್ದೆ. ಓಡಿಬಂದು ಹೇಳಿದೆ. ಅವಳು ಕೂತಲ್ಲೇ ತಲೆ ಆಡಿಸಿ ಮತ್ತೆ ಸುಲಿಯೋಕೆ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಎದ್ದು ಬಾವಿಕಟ್ಟೆ ಕಡೆ ಹೋದಳು. ಅಮ್ಮ ಹಿಂದೆಯೇ ಹೋದಳು. ಅಮ್ಮನಿಗೆ ಹಿಂದಿ ಬರಲ್ಲ, ಅವಳಿಗೆ ಕನ್ನಡ ನಾಲ್ಕು ಮಾತು. ಇಬ್ಬರೂ ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.

ಫಸಲು ಮುಗಿದು ಅವರು ಊರಿಗೆ ಹೊರಟಿದ್ದು ಮಾರ್ಚ್‌ನಲ್ಲಿ. ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಹೊರಬಂದ ದಿನ, 2024ರ ಮಾರ್ಚ್ 11, ಅವಳ ಗಂಡ ಫೋನ್ ಹಿಡಿದು ಬಂದು, ನಮಗೇನಾದರೂ ತೊಂದರೆಯಾ ಅಂತ ಕೇಳಿದ್ದ. ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮದವರಿಗೆ ಪೌರತ್ವ ಕೊಡುವ ಕಾಯ್ದೆ, ನೀವು ಮೊದಲೇ ಪ್ರಜೆಗಳು, ನಿಮಗೂ ಅದಕ್ಕೂ ಸಂಬಂಧ ಇಲ್ಲ ಅಂದೆ. ಆರರಲ್ಲಿ ನಮ್ಮದು ಇದೆಯಾ ಅಂತ ಕೇಳಿದ. ಇಲ್ಲ ಅಂದೆ. ಅವನು ಫೋನ್ ಜೇಬಿಗೆ ಹಾಕಿಕೊಂಡ. ಹಾಗೆ ಧರ್ಮ ನೋಡಿ ಗೆರೆ ಎಳೆದಿದ್ದು ಸರಿಯಲ್ಲ ಅಂತ ನನಗೆ ಅನ್ನಿಸುತ್ತೆ. ಅವನ ಎದುರು ನಿಂತು ಇಲ್ಲ ಅಂತ ಹೇಳಬೇಕಾಗಿ ಬಂದಾಗ ಅದು ಇನ್ನೂ ಜಾಸ್ತಿ ಅನ್ನಿಸಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಸುದ್ದಿ ಬಂತು. ತಡೆದಿಟ್ಟವರಲ್ಲಿ 9 ಲಕ್ಷಕ್ಕೂ ಜಾಸ್ತಿ ಜನಕ್ಕೆ ಆಧಾರ್ ಕೊಡುತ್ತೇವೆ ಅಂತ ಅಸ್ಸಾಂ ಸರ್ಕಾರ ಹೇಳಿತು. ನಾನೇ ಫೋನ್ ಮಾಡಿ ಹೇಳಿದೆ, ಅವರಿಗೆ ಆಗಲೇ ಗೊತ್ತಿತ್ತು.

ನವೆಂಬರ್‌ನಲ್ಲಿ ಮತ್ತೆ ಬಂದರು. ಅದೇ ಬಟ್ಟೆ ಅಂಗಡಿ ಕವರ್. ಅವಳು ನನಗಿಂತ ಮೊದಲು ಅಮ್ಮನಿಗೆ ಕಾರ್ಡು ತೋರಿಸಿದಳು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಹುಟ್ಟಿದ ದಿನ ಜನವರಿ 1 ಅಂತಿತ್ತು. ಅಮ್ಮ ಒಳಗೆ ಹೋಗಿ ತನ್ನ ಕಾರ್ಡು ತಂದು ಅದರ ಪಕ್ಕ ಇಟ್ಟಳು. ಅದರಲ್ಲೂ ಜನವರಿ 1.

ಆ ವಾರ ಬೀಟ್ ಪೊಲೀಸ್ ಮತ್ತೆ ಫಾರಂ ತಂದರು. ಎಂಟು ಆಧಾರ್ ಜೆರಾಕ್ಸ್ ಮಾಡಿಸಿ ಕೊಟ್ಟೆ. ಹಳೆಯ ಕಾಗದಗಳ ಒಂದು ಪ್ರತಿಯನ್ನು ನಾನು ಎಸೆದಿಲ್ಲ. ಅಮ್ಮನ ಮುಳುಗಡೆ ಕಾಗದ ಇಟ್ಟ ಟ್ರಂಕಿನಲ್ಲೇ ಅದನ್ನೂ ಇಟ್ಟಿದ್ದೇನೆ.